ಸೌಟು ಹಿಡಿದವರ ಸರದಿ

ಶುಕ್ರವಾರ ಸುರಪುರದ ಗಂಡನ ಮನೆಯಲ್ಲಿ ಹಂಪಮ್ಮನ ಮಗಳು ಕಸ್ತೂರಿಯ ಕುಬಸ, ಬಸುರಿಯ ಸೀಮಂತ. ತವರಿನಿಂದ ಐನೂರು ಹಪ್ಪಳ ಹೋಗಬೇಕು. ಹೋದ ವರ್ಷ ಹಬ್ಬಕ್ಕೆಂದು ಮಾಡಿದ್ದನ್ನೆಲ್ಲ ಮಂಗಗಳು ತಿಂದು ಹೋದಾಗ ಹಂಪಮ್ಮ ಅಂಗಡಿಯಿಂದ ತರಿಸಿ ಕಳಿಸಿದ್ದಳು. ಬೀಗತಿ ಒಂದನ್ನು ಮುರಿದು, ಮೂಸಿ ನೋಡಿ, “ಇದಕ್ಕ ನಿಮ್ಮ ಕೈ ಹತ್ತಿಲ್ಲ ಬಿಡ್ರಿ” ಎಂದು ನಾಲ್ಕು ಮಂದಿಯ ಮುಂದೆ ಅಂದಿದ್ದಳು.

ಈ ಸಲ ಶಹಾಪುರದ ಮನೆಯ ಮಾಳಿಗೆಯ ಮೇಲೆ, ಹಳೆಯ ಸೀರೆಗಳ ಮೇಲೆ ಐನೂರೂ ಒಣಗುತ್ತಿದ್ದವು. ಗಂಡ ಭೀಮರಾಯ ಬಡಿಗೆ ಹಿಡಿದು ಕಾಯುತ್ತಿದ್ದ. (ಕಾಯುವುದೆಂದರೆ ಮುಖಕ್ಕೆ ಟವೆಲ್ ಹೊದ್ದು ಕಣ್ಣು ಮುಚ್ಚುವುದು.) ಹಂಪಮ್ಮ ರೊಟ್ಟಿ ತಟ್ಟುವುದು ಬಿಟ್ಟು ಮೂರು ಸಲ ಏಣಿ ಹತ್ತಿ ನೋಡಿ ಬಂದಳು.

ಆಗ ನೆನಪಾದದ್ದು ಯಾದಗಿರಿಯ ತರಬೇತಿ. ಮಹಿಳಾ ಸಂಘದವರನ್ನು ಕೂರಿಸಿ, ಎರಡು ದಿನ ಉಪ್ಪಿಟ್ಟು ತಿನ್ನಿಸಿ, ಮೇಡಂ ಒಬ್ಬರು ಕಲಿಸಿದ್ದರು: ಕಷ್ಟ ಬಂದರೆ ಎಲ್ಲರೂ ದುಂಡಗೆ ಕೂಡಬೇಕು, ಒಬ್ಬರೂ ತಪ್ಪಿಸಬಾರದು. ಒಂದು ಸಾಮಾನು ಕೈಯಿಂದ ಕೈಗೆ ಹೋಗಬೇಕು, ಅದನ್ನು ಹಿಡಿದವರಷ್ಟೇ ಮಾತಾಡಬೇಕು. ಯಾರು ಏನಂದರೂ ‘ಬ್ಯಾಡ’ ಅನ್ನಬಾರದು.

“ಏನ್ರಿ, ಕೆಳಗ ಬರ್ರಿ! ಮಂಗ್ಯಾಗೋಳಿಗಿ ಏನ್ ಮಾಡೂದಂತ ಮೀಟಿಂಗ್ ಅದ.”

“ಮತ್ತ ಮ್ಯಾಲ ಯಾರು ಕಾಯೂದು?”

“ಎಲ್ಲಾರೂ ಇರಬೇಕಂತ ಮೇಡಂ ಹೇಳ್ಯಾರ. ಜಲ್ದಿ ಬರ್ರಿ.”

ಪಕ್ಕದ ಮನೆಯ ಗೌಹರಬೇಗಂ ಬಂದಳು. ಸೊಸೆ ಸವಿತಾ ಬಂದಳು. ಪಡಸಾಲೆಯಲ್ಲಿ ನಾಲ್ವರ ಮಹಾಸಭೆ. ಸಾರಿನ ಸೌಟೇ ರಾಜದಂಡ.

“ಕೆಂಪು ಚಾದರ ಕಟ್ರಿ ಅಕ್ಕಾ, ಹೆದರಿ ಓಡತಾವು” ಎಂದಳು ಗೌಹರಬೇಗಂ.

ಸೌಟು ಭೀಮರಾಯನ ಕೈಗೆ ಬಂತು. “ಮಂಗ್ಯಾಗೋಳಿಗಂತನ ಬ್ಯಾರೆ ನೂರು ಹಪ್ಪಳ ಮಾಡಿಡು. ಅವು ಅದನ್ನ ತಿಂದು ಹೋಗತಾವು.”

ಹಂಪಮ್ಮನ ನಾಲಿಗೆಯ ತುದಿಗೆ ಬಂದದ್ದು ಬೇರೆ. ಅದನ್ನು ನುಂಗಿ, “ಚೊಲೋ ಹೇಳಿದ್ರಿ” ಎಂದಳು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಭೀಮರಾಯ ಆ ಮಾತು ಕೇಳಿದ್ದು ಅದೇ ಮೊದಲು. ಹುರುಪೇರಿ ಸೌಟನ್ನು ಬಿಡಲೇ ಇಲ್ಲ. ಬೆದರುಬೊಂಬೆಗೆ ತನ್ನ ಧೋತರ ಉಡಿಸುವುದು, ನಾಯಿಯನ್ನು ಮಾಳಿಗೆ ಹತ್ತಿಸುವುದು, ರೇಡಿಯೋ ಹಚ್ಚಿಡುವುದು...

ಸವಿತಾ ಮಾಳಿಗೆಯ ಬೆಳಕಿಂಡಿಯನ್ನೇ ನೋಡುತ್ತಿದ್ದಳು. “ಅತ್ತೀ...”

“ನಿನ್ನ ಕೈಯಾಗ ಸೌಟು ಅದ ಏನ?”

“ಅಲ್ರಿ ಅತ್ತಿ, ಮ್ಯಾಲ...”

“ಮ್ಯಾಲ ಇಲ್ಲ, ಕೆಳಗ ಇಲ್ಲ. ಸರದಿ ಬರಲಿ. ಖಾಯ್ದೆ ಅಂದ್ರ ಖಾಯ್ದೆ.”

ಸವಿತಾ ಕೈ ಕಟ್ಟಿ ಕುಳಿತಳು. ಭೀಮರಾಯನ ಏಳನೆಯ ವಿಚಾರ ಮುಗಿದು ಸೌಟು ಕೈಗೆ ಬಂದಾಗ, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ನಂದು ಒಂದ ವಿಚಾರ ಅದರಿ. ಬೆಳಕಿಂಡ್ಯಾಗ ಬಾಲ ಕಂಡ ಕೂಡ್ಲೇ ಎಲ್ಲಾರೂ ಓಡಬೇಕಿತ್ತು.”

ಹಂಪಮ್ಮ ಸೌಟು ಕಸಿದುಕೊಂಡು ಏಣಿ ಹತ್ತಿದಳು. ಸೀರೆಗಳು ಮಾತ್ರ ಇದ್ದವು. ಮಾಳಿಗೆಯ ಅಂಚಿನ ಕುಂಬಿಯ ಮೇಲೆ ದಪ್ಪನೆಯ ಮಂಗವೊಂದು ಕೊನೆಯ ಹಪ್ಪಳವನ್ನು ಮೂಸಿ, ಮುರಿದು, ಥೇಟ್ ಬೀಗತಿಯ ಹಾಗೇ ರುಚಿ ನೋಡುತ್ತಿತ್ತು. ಹಂಪಮ್ಮ ಸೌಟು ಬೀಸಿ ಒಗೆದಳು. ಮಂಗ ಅದನ್ನು ಆರಾಮಾಗಿ ಹಿಡಿದುಕೊಂಡಿತು.

“ಅಯ್ಯಯ್ಯ, ಶುಕ್ರವಾರ ಬೀಗತಿಗಿ ನಾ ಯಾವ ಮುಖ...”

ಹಿಂದೆ ಬಂದು ನಿಂತಿದ್ದ ಸವಿತಾ ತುಟಿಯ ಮೇಲೆ ಬೆರಳಿಟ್ಟಳು.

“ಸುಮ್ನಿರ್ರಿ ಅತ್ತಿ. ಸೌಟು ಅದರ ಕೈಯಾಗ ಅದ.”