ಹರಳು ಕಟ್ಟದ ಅಂಟು

ನನಗಾಗ ಅರವತ್ತೊಂದು ವರ್ಷ. ಎಂಟು ವರ್ಷದ ಹಿಂದಿನ ಮಾತು. ದೊಡ್ಡ ಓದಿನವರನ್ನು ಕಂಡು ನಾನು ಯಾವತ್ತೂ ಹೆದರಿದವಳಲ್ಲ. ಅವರು ಸುಟ್ಟು ಕರಕಲು ಮಾಡಿದ್ದನ್ನೆಲ್ಲ ತಿಕ್ಕಿದವಳು ನಾನೇ. ಪುಣೆಯ ಒಂದು ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆ ತೊಳೆಯುವುದು ನನ್ನ ಕೆಲಸ. ನನ್ನ ಓದು ಎರಡನೇ ಇಯತ್ತೆ.

ಅಲ್ಲಿ ಅಥಣಿ ಕಡೆಯ ಗಿರಿಜಾ ಎಂಬ ಹುಡುಗಿ ಇದ್ದಳು. ಸಮುದ್ರದ ತಳದಲ್ಲಿ ಬೆಳೆಯುವ ಸ್ಪಂಜು ಎಂಬ ಯಾವುದೋ ಜೀವಿಯಲ್ಲಿ ಸಾಸಿವೆಯಷ್ಟು ಸಿಗುವ ವಸ್ತುವನ್ನು ತಾನೇ ತಯಾರಿಸುತ್ತೇನೆಂದು ಹೊರಟಿದ್ದಳು. ಮುಂದೆ ಕ್ಯಾನ್ಸರಿಗೆ ಔಷಧ ಆದರೂ ಆಗಬಹುದಂತೆ. ಮೂರು ವರ್ಷ ಕಾಯಿಸಿ, ಸೋಸಿ, ಕೊನೆಗೆ ಉಳಿದದ್ದು ಒಂದು ಚಮಚ ಅಂಟು. ಅದು ಹರಳಾದರೆ ಮಾತ್ರ ಯಂತ್ರದಲ್ಲಿಟ್ಟು ಆಕಾರ ನೋಡಬಹುದು. ದಸರೆ ರಜೆ ಮುಗಿಯುವುದರೊಳಗೆ ಆಗದಿದ್ದರೆ ಈ ಕೆಲಸ ಬಿಟ್ಟು ಬೇರೆ ಹಿಡಿ ಎಂದಿದ್ದರು ಅವಳ ಸರ್, ಹುಬ್ಬಳ್ಳಿಯವರು.

"ಹರಳು ಕಟ್ಟವಲ್ದು ಅಜ್ಜಿ."

"ಪಾಕದ ಹದಾ ತಪ್ಪ್ಯದ. ಚೆಲ್ಲು, ಹೊಸಾದು ಇಡು."

ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟಳು.

ಖಂಡೇನವಮಿ ಬಂತು. ಯಂತ್ರಗಳ ಪೂಜೆ ಪ್ರತಿವರ್ಷ ನನ್ನದೇ. ಗಿರಿಜಾಳ ಅಂಟಿನ ಪಾತ್ರೆಗೂ ಕುಂಕುಮ ಹಚ್ಚಿದೆ. ಅದರ ಬಾಯಿಗೆ ಕಟ್ಟಿದ್ದ ತೂತಿನ ಕಾಗದ ಹೂವಿಗೆ ಅಡ್ಡ ಬಂತೆಂದು ಬಿಚ್ಚಿ, ಅಕ್ಷತೆ ಹಾಕಿದೆ. ನಾಲ್ಕು ಕಾಳು ಸೀದಾ ಒಳಗೆ. ತೆಗೆಯೋಣವೆಂದರೆ ಬೆರಳು ಹಿಡಿಸಲಿಲ್ಲ. ಕಾಗದ ಮತ್ತೆ ಕಟ್ಟಿ ಸುಮ್ಮನೆ ಮನೆಗೆ ಹೋದೆ.

ರಜೆ ಮುಗಿದು ಬಂದ ದಿನ ಗಿರಿಜಾ ಕಿರುಚಿದಳು. ಮುಗಿಯಿತು ನನ್ನ ನೌಕರಿ ಎಂದುಕೊಂಡೆ. ನೋಡಿದರೆ ಒಂದೊಂದು ಅಕ್ಕಿಕಾಳಿನ ಮೈಮೇಲೂ ಸೂಜಿಯಂಥ ಹರಳು, ಮುಳ್ಳುಹಂದಿಯ ಹಾಗೆ.

"ಇದರೊಳಗ ಅಕ್ಕಿ ಹ್ಯಾಂಗ ಬಂತು?" ಎಂದರು ಸರ್.

"ನಾನs ಹಾಕೀನ್ರಿ."

ಬೈಯಲಿಲ್ಲ; ನೋಟ್‌ಬುಕ್ ತೆಗೆದರು. "ಯಾವ ಅಕ್ಕಿ?"

"ರೇಷನ್ನಿಂದು."

"ತೊಳದಿದ್ರಿ?"

"ಅಕ್ಷತಿ ಯಾರ್ ತೊಳೀತಾರ್ರಿ?"

ಅದನ್ನೂ ಬರೆದುಕೊಂಡರು. ಹರಳು ಹುಟ್ಟಲು ಹಿಡಿದುಕೊಳ್ಳುವುದಕ್ಕೆ ಏನಾದರೊಂದು ಒರಟು ಬೇಕಂತೆ; ಒಮ್ಮೊಮ್ಮೆ ಧೂಳೂ ಸಾಕಂತೆ. ಸಂಜೆಗೆ ಯಂತ್ರದಿಂದ ಸುದ್ದಿ ಬಂತು: ಆಕಾರ ಸರಿಯಾಗಿದೆ, ಸ್ಪಂಜಿನಲ್ಲಿರುವ ವಸ್ತುವಿನದೇ. ಗಿರಿಜಾ ನನ್ನ ಕಾಲಿಗೆ ಬಿದ್ದಳು. "ಏಳs, ನೆಲಾ ಈಗ ಒರಸೀನಿ" ಎಂದೆ.

ಮರುದಿನ ಬೆಳಿಗ್ಗೆ ನಾನು ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ಪ್ರಯೋಗಾಲಯದ ಹುಡುಗ ಹುಡುಗಿಯರ ಸಾಲು ನಿಂತಿತ್ತು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹರಳು ಕಟ್ಟದ ಅಂಟು. "ಅಜ್ಜಿ, ನಮ್ಮದಕ್ಕೂ ನಾಕು ಕಾಳು ಹಾಕ್ರಿ!" ಯಾವ ಅಂಟಿಗೆ ಅಕ್ಕಿ ಒಗ್ಗುತ್ತದೆ, ಯಾವುದಕ್ಕೆ ಇಲ್ಲ ಎಂದು ನನಗೇನು ಗೊತ್ತು? ಅದನ್ನು ನಾನು ಬಾಯಿಬಿಡಲಿಲ್ಲ. "ಮೊದಲ ತೊಟ್ಟಿಯೊಳಗಿನ ಪಾತ್ರಿ ಎಲ್ಲಾ ತೊಳೀರಿ. ಕೈ ಮಡಿ ಆಗಬೇಕು" ಎಂದೆ. ಅಂಗಿಯ ತೋಳು ಮಡಚಿ ತಿಕ್ಕತೊಡಗಿದರು. ನಾನು ಸರ್ ಕುರ್ಚಿಯನ್ನೇ ಎಳೆದುಕೊಂಡು ಕೂತು, ಅಕ್ಕಿಯಲ್ಲಿ ಕಲ್ಲು ಆರಿಸಿದೆ, ಭಾಳ ನಿಧಾನವಾಗಿ.