ಎಂಜಿನ್ ಆರಾಮ, ಉಸ್ತಾದ್ ಆರಾಮ

ಯಂತ್ರಗಳು ತಮ್ಮ ಕಾಯಿಲೆಯನ್ನು ತಾವೇ ಹೇಳಿಕೊಳ್ಳಲು ಕಲಿತ ಮೇಲೆ ಮನುಷ್ಯರ ಮಾತು ಕೇಳುವವರು ಕಡಿಮೆಯಾದರು. ವಾಯುಪಡೆಯಲ್ಲಿ ವಿಮಾನದ ಎಂಜಿನ್ ರಿಪೇರಿ ಮಾಡುತ್ತಲೇ ತಲೆ ಬೆಳ್ಳಗಾದವನು ನಾನು. ಇಂಥ ಪ್ರಸಂಗಗಳು ನನ್ನ ಕಣ್ಣೆದುರೇ ನಡೆಯುತ್ತಿದ್ದವು, ಕೆಲವು ನನ್ನ ಕೈಯಿಂದಲೇ.

೧. ಕಿವಿ

ನನಗೆ ಕೆಲಸ ಕಲಿಸಿದ ಉಸ್ತಾದ್ ನಾಲವಾರದವರು. ನಾನು ಪಕ್ಕದ ವಾಡಿಯವನು. ಎಂಜಿನ್ ಬಂದ್ ಮಾಡಿದ ಮೇಲೆ ಒಳಗಿನ ಚಕ್ರ ತಿರುಗುತ್ತ ತಿರುಗುತ್ತ ನಿಲ್ಲುವ ತನಕ ಉಸ್ತಾದ್ ಕಣ್ಣು ಮುಚ್ಚಿ ನಿಂತು ಕೇಳುತ್ತಿದ್ದರು. ಕೊನೆಯ ಸದ್ದು ಅಡಗಿದ ಮೇಲೆ "ಆರಾಮ ಅದ" ಅನ್ನುತ್ತಿದ್ದರು, ಇಲ್ಲವೇ "ಬಿಚ್ಚು".

ಆಮೇಲೆ ಸೆನ್ಸರ್‌ಗಳು ಬಂದವು. ಇಷ್ಟು ಗಂಟೆ ಹಾರಿದರೆ ಬಿಚ್ಚಲೇಬೇಕು ಎಂಬ ನಿಯಮ ಇನ್ನಿಲ್ಲ, ಒಳಗಿನ ಸೆನ್ಸರ್ ಹೇಳಿದಾಗ ಮಾತ್ರ ಬಿಚ್ಚಿ, ಖರ್ಚು ಉಳಿಯುತ್ತದೆ ಎಂದು ಸಾಹೇಬರು ವಿವರಿಸಿದರು. ಕಂಪ್ಯೂಟರ್ ನೋಡುವ ಕೆಲಸ ನನಗೆ ಬಂತು.

ಉಸ್ತಾದ್ ಕೈ ಎತ್ತಿದರು. "ಸಾಹೇಬ್ರ, ಎಂಜಿನ್ ತನ್ನ ಬ್ಯಾನಿ ತಾನೇ ಹೇಳ್ತದಂದ್ರ, ರಜೆನೂ ತಾನೇ ಕೇಳ್ತದೇನ್ರಿ?"

ಸಾಹೇಬರು ನಗಲಿಲ್ಲ. ಎಂಜಿನ್‌ಗೆ ರಜೆ ಸಿಕ್ಕಿತು. ಉಸ್ತಾದರಿಗೆ ಸಿಗಲಿಲ್ಲ.

೨. ಪೆನ್ಶನ್

ಒಂದು ದಿನ ಕಂಪ್ಯೂಟರಿನಲ್ಲಿ ಕೆಂಪು ಗೆರೆ ಕಂಡಿತು. ಎಣ್ಣೆಯಲ್ಲಿ ಲೋಹದ ಚೂರಿದೆ ಎಂದು ಸೆನ್ಸರ್ ಹೇಳುತ್ತಿತ್ತು. ಉಸ್ತಾದ್ ಎಂಜಿನ್ ಓಡಿಸಿ, ನಿಲ್ಲಿಸಿ, ಕಣ್ಣು ಮುಚ್ಚಿ ಕೇಳಿ "ಆರಾಮ ಅದ" ಅಂದರು.

ಬಿಚ್ಚಿದೆವು. ಒಂದು ಬೇರಿಂಗ್ ಸೀಳಿತ್ತು.

ಮರುದಿನ ಆ ವಿಮಾನ ಹಾರಿಸಬೇಕಿದ್ದ ಪೈಲಟ್ ಬಂದು ಕಂಪ್ಯೂಟರಿಗೆ ಕೈಮುಗಿದ. ಉಸ್ತಾದ್ ಅವನ ಪಕ್ಕ ನಿಂತು ತಾವೂ ಮುಗಿದರು. ಆಮೇಲೆ ನನಗೆ ಹೇಳಿದರು, "ಇವತ್ತಿಗೆ ನನ್ನ ಕಿವಿಗೆ ಪೆನ್ಶನ್ ಆತೋ. ಇನ್ನ ಅದು ಹೇಳಿದ್ದೇ ಖರೇ."

ನಮ್ಮಲ್ಲಿ ಒಂದೂ ಅರ್ಜಿಯಿಲ್ಲದೆ ಅದೇ ದಿನ ಮಂಜೂರಾದ ಪೆನ್ಶನ್ ಅದೊಂದೇ.

೩. ರೊಟ್ಟಿ

ಇಬ್ಬರೂ ನಿವೃತ್ತರಾಗಿ ಊರಿಗೆ ಬಂದೆವು. ಉಸ್ತಾದ್ ಕೈಗೆ ನಾಡಿ ಎಣಿಸುವ ಗಡಿಯಾರ ಕಟ್ಟಿಕೊಂಡರು. ಪ್ರತಿ ಭಾನುವಾರ ನಾನು ವಾಡಿಯಿಂದ ರೈಲು ಹತ್ತಿ ಹೋಗಿ, ಗಡಿಯಾರ ಅವರ ಮೊಬೈಲಿಗೆ ಕಳಿಸಿದ ವಾರದ ಗೆರೆಗಳನ್ನು ನೋಡಿ, "ಆರಾಮ ಅದ ಉಸ್ತಾದ್" ಅನ್ನಬೇಕು. ಆಮೇಲೆ ಊಟ.

ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ಒಂದು ಭಾನುವಾರ ಬಡಿಸುತ್ತ ವೈನಿ ಹೇಳಿದರು, "ತಮ್ಮಾ, ನಾಕು ರೊಟ್ಟಿ ತಿನ್ನೋರು ಎರಡಕ್ಕ ಏಳಾಕತ್ತಾರ. ಸ್ಟೇಷನ್ ತನಕ ಹೋಗೋದ್ರಾಗ ಎರಡು ಸಲ ನಿಂದರ್ತಾರ. ಕಲಬುರ್ಗಿ ದವಾಖಾನಿಗೆ ಕರ್ಕೊಂಡು ಹೋಗು."

"ನಿನ್ನ ರೊಟ್ಟಿ ಸೆನ್ಸರ್ ಕೆಟ್ಟದ," ಅಂದರು ಉಸ್ತಾದ್. "ಗೆರೆ ನೋಡು, ಆರಾಮ ಅದೀನಿ. ಸುಮ್ನ ಯಾಕ ಬಿಚ್ಚಸ್ತಿ ನನ್ನ?"

ವೈನಿ ನನ್ನ ಮುಖ ನೋಡಿದರು. ನಾನು ಗೆರೆ ನೋಡಿದೆ. "ಆರಾಮ ಅದಾರ, ವೈನಿ."

ಅವತ್ತು ಉಸ್ತಾದ್ ಬಿಟ್ಟ ಎರಡು ರೊಟ್ಟಿಯನ್ನೂ ನಾನೇ ತಿಂದೆ.

೪. ಕುಂತವರು

ಮುಂದಿನ ಭಾನುವಾರಕ್ಕೆ ಮೊದಲೇ ಫೋನ್ ಬಂತು. ಬೆಳಗಿನ ರೈಲಿಗೆ ಹೋದೆ.

ತೀರಿಕೊಂಡವರನ್ನು ಕೂರಿಸುವ ಅವರ ಮನೆತನದ ಪದ್ಧತಿಯಂತೆ ಉಸ್ತಾದರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು, ಮೈತುಂಬ ಶಾಲು. ಎದುರಿಗೆ ವೈನಿ. ಭಜನೆಯವರು ನೀರು ಕುಡಿಯಲು ನಿಲ್ಲಿಸಿದ್ದರು. ಆಗ ಶಾಲಿನೊಳಗಿಂದ ಗುರ್ರೆಂದು ಸದ್ದು ಬಂತು. ಅಂಗಳದಲ್ಲಿದ್ದವರೆಲ್ಲ ಹಿಂದೆ ಸರಿದರು.

ಗಡಿಯಾರ ಬಿಚ್ಚುವುದನ್ನು ಮರೆತಿದ್ದರು. ನಾನು ಶಾಲು ಸರಿಸಿ ನೋಡಿದೆ. ಅದರ ಮೇಲೆ ಅಕ್ಷರಗಳು ಮೂಡಿದ್ದವು.

"ಏನಂತದ ತಮ್ಮಾ ಅದು?" ವೈನಿ ಕೇಳಿದರು.

ಆ ಹೊತ್ತಿಗೆ ಒಂದು ಸುಳ್ಳೂ ಹೊಳೆಯಲಿಲ್ಲ. "ಭಾಳ ಹೊತ್ತಾತು ಕುಂತೀರಿ, ಎದ್ದು ಸ್ವಲ್ಪ ಅಡ್ಡಾಡ್ರಿ ಅಂತದ, ವೈನಿ."

ಹಿಂದೆ ಯಾರೋ ನಗು ತಡೆಯಲಾರದೆ ಕೆಮ್ಮಿದರು. ವೈನಿ ಗಂಡನ ಹತ್ತಿರ ಸರಿದು ಕೂತು, ಹೆಗಲ ಮೇಲಿನ ಶಾಲು ಸರಿಮಾಡಿದರು.

"ನನ್ನ ಮಾತಂತೂ ಕೇಳಲಿಲ್ಲ. ಅದು ಹೇಳಿದ್ದೇ ಖರೇ ಅಂತಿದ್ರಿ. ಈಗ ಅದೂ ಹೇಳಾಕತ್ತದ, ಏಳ್ರಿ."