ಲ್ಯಾವೆಂಡರಿನ ಮೇಲಿಟ್ಟ ಮಲ್ಲಿಗೆ

...ಅಥವಾ ಅತ್ತೆ ಕೊಟ್ಟ ಕಟ್ಟಿನೊಳಗೆ ಇದ್ದದ್ದು ಮಲ್ಲಿಗೆಯೇ ಅಲ್ಲವೇನೋ. ಎಂಬತ್ತರ ದಶಕದ ಸಂಗತಿ. ಹೇಳಿ ಹೇಳಿ ನಾನೇ ಅದನ್ನು ತಿದ್ದಿರಬಹುದು. ನೀವು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ.

ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ನಾನು ಪಿಎಚ್.ಡಿ.ಗಾಗಿ ಲ್ಯಾವೆಂಡರ್ ಬೆಳೆಸುತ್ತಿದ್ದೆ. ಚಳಿದೇಶದ ಗಿಡದ ಚಿಗುರಿನ ಚೂರನ್ನು ಗಾಜಿನ ಬಾಟಲಿಯಲ್ಲಿ ಕೂರಿಸಿ ಕೂಸಿನಂತೆ ಸಾಕುವ ಕೆಲಸ. ಬಾಟಲಿಯೊಳಗೆ ರಾಜಕುಮಾರಿಯರಂತಿದ್ದ ಸಸಿಗಳು ಕುಂಡಕ್ಕೆ ಇಳಿದದ್ದೇ ನಮ್ಮ ಸೆಖೆಗೆ ತಲೆ ಬಾಗಿಸುತ್ತಿದ್ದವು. ಎರಡು ವರ್ಷ ಹೀಗೇ ಕಳೆಯಿತು. ಕೊನೆಗೆ ಉಳಿದ ಆರು ಕುಂಡಗಳನ್ನು, ಏಳೂ ಇರಬಹುದು, ಕಾಪುವಿನಲ್ಲಿ ಮಲ್ಲಿಗೆ ಬೆಳೆಯುತ್ತಿದ್ದ ಅತ್ತೆಯ ಅಂಗಳಕ್ಕೆ ಒಯ್ದೆ. ನನ್ನ ಕೈಯಲ್ಲಿ ಬಾಡಿದವು ಅವರ ಕೈಯಲ್ಲಿ ಚಿಗುರಿದವು.

"ಎಂತ ಅಳಿಯಂದಿರೇ, ಹೂವೇ ಬಿಡದ ಸೊಪ್ಪಿಗೆ ನಿಮ್ಮಲ್ಲಿ ಡಿಗ್ರಿ ಕೊಡ್ತಾರಾ?"

"ಎಲೆಯಲ್ಲಿ ಎಣ್ಣೆ ಉಂಟು ಅತ್ತೆ."

"ಎಣ್ಣೆಗೆ ತೆಂಗಿನಕಾಯಿ ಇಲ್ವಾ?"

ಒಂದು ದಿನ ಅವರೇ ಎಲೆ ಕೊಯ್ದು ಬಾಳೆಲೆಯಲ್ಲಿ ಕಟ್ಟಿ ಕೊಟ್ಟರು. ಬಸ್ಸಿನಲ್ಲಿ ತಂದು ಮರುದಿನ ಬಿಚ್ಚಿದರೆ, ಮೇಲೆ ದಾರದಲ್ಲಿ ಕಟ್ಟಿ ಸುತ್ತಿದ ಒಂದು ಚೆಂಡು ಮಲ್ಲಿಗೆ. ಹೂವನ್ನು ತೆಗೆದು ಹೆಂಡತಿಗೆಂದು ಬದಿಗಿಟ್ಟೆ; ಎಲೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿ, ಸಿಕ್ಕ ನಾಲ್ಕು ಹನಿ ಎಣ್ಣೆಯನ್ನು ಯಂತ್ರಕ್ಕೆ ಕೊಟ್ಟೆ. ಎಣ್ಣೆಯಲ್ಲಿ ಎಷ್ಟು ಅಂಶಗಳಿವೆಯೋ ಅಷ್ಟು ಗುಡ್ಡಗಳನ್ನು, ಅಂದರೆ ಏರಿಳಿಯುವ ಗೆರೆಗಳನ್ನು, ಅದು ಕಾಗದದ ಮೇಲೆ ಬರೆಯುತ್ತದೆ. ಬರೆಯಿತು. ಪುಸ್ತಕದಲ್ಲಿಲ್ಲದ ಒಂದು ಗುಡ್ಡ ಹೆಚ್ಚಿಗೆ ಇತ್ತು.

ನನ್ನ ಮಾರ್ಗದರ್ಶಕರು ಕುರ್ಚಿಯಿಂದ ಎದ್ದೇಬಿಟ್ಟರು. "ಹೊಸತು ಮಾರಾಯ! ಇದು ನಮ್ಮ ಕರಾವಳಿ ಲ್ಯಾವೆಂಡರಿನದ್ದೇ ವಿಶೇಷ. ನಿನ್ನ ಡಿಗ್ರಿ ಆಯ್ತು ಅಂತ ಲೆಕ್ಕ!"

ಇನ್ನೊಮ್ಮೆ ಪರೀಕ್ಷಿಸಲು ಎಲೆ ಬೇಕೆಂದು ಕಾಪುವಿಗೆ ಓಡಿದೆ. ಅಷ್ಟರಲ್ಲಿ ಮಳೆ ಹಿಡಿದು ಕುಂಡಗಳೆಲ್ಲ ಬೇರು ಕೊಳೆತು ಮಲಗಿದ್ದವು.

"ಅತ್ತೆ, ಅವತ್ತು ಎಲೆಯ ಮೇಲೆ ಹೂವು ಯಾಕೆ ಇಟ್ಟಿರಿ?"

"ಮಗಳ ಮನೆಗೆ ಬರೀ ಸೊಪ್ಪು ಕಳಿಸ್ಲಿಕ್ಕಾಗ್ತದಾ? ಹಿಂದಿನ ಸಂಜೆಯೇ ಒಟ್ಟಿಗೆ ಕಟ್ಟಿಟ್ಟದ್ದು. ನಿಮ್ಮ ಸೊಪ್ಪಿಗೂ ಸ್ವಲ್ಪ ಪರಿಮಳ ಬರಲಿ ಅಂತ."

ಬಂದಿತ್ತೋ ಏನೋ. ಆ ಗುಡ್ಡ ಲ್ಯಾವೆಂಡರಿನದ್ದೋ, ಅತ್ತೆಯ ಮರ್ಯಾದೆಯದ್ದೋ ತಿಳಿಯಲು ಎಲೆಯೂ ಉಳಿದಿರಲಿಲ್ಲ, ಎಣ್ಣೆಯೂ ಉಳಿದಿರಲಿಲ್ಲ.

ನನ್ನ ಪ್ರಬಂಧದಲ್ಲಿ ಆ ಗುಡ್ಡದ ಎದುರಿಗೆ 'ಗುರುತಿಸಲಾಗದ ಅಂಶ' ಎಂದಿದೆ. ಮಲ್ಲಿಗೆಯ ಹೆಸರು ಎಲ್ಲೂ ಇಲ್ಲ. ಅದನ್ನು ಹೇಳಿಯೇಬಿಡಬೇಕೆಂದು ಮಾರ್ಗದರ್ಶಕರ ಕೋಣೆಯ ಬಾಗಿಲವರೆಗೆ ಹೋದದ್ದು ನೆನಪಿದೆ. "ಬನ್ನಿ ಬನ್ನಿ, ಡಾಕ್ಟರೇ" ಎಂದು ಅವರು ನಕ್ಕದ್ದೂ ನೆನಪಿದೆ. ಆಮೇಲೆ ನಾನು ಹೇಳಿದೆನೋ ಇಲ್ಲವೋ, ಗೊತ್ತಿಲ್ಲ.